ಡೆಲ್ಮರನ ಕಿಡ್ನಿ ಮೋಟಾರ್‌ಸೈಕಲ್ ಕಲಿತದ್ದು

ವಾರದ ಮಾತ್ರೆಗಳನ್ನು ಡಬ್ಬಿಗೆ ತುಂಬುತ್ತಿದ್ದ ಡೆಲ್ಮರ್ ಸ್ಕೋಗ್ ಬುಧವಾರದ ಗೂಡಿಗೆ ಬರುವಷ್ಟರಲ್ಲಿ ಒಂದು ಮಾತ್ರೆ ಕೈಜಾರಿತು. ಮೇಜಿನ ಮೇಲೆ ಒಂದು ಸುತ್ತು ಹಾಕಿ, ನೆಲಕ್ಕೆ ಹಾರಿ, ಯಾರೋ ಅಟ್ಟಿಸಿಕೊಂಡು ಬಂದಂತೆ ಉರುಳಿ ಫ್ರಿಜ್ಜಿನ ಕೆಳಗೆ ಅಡಗಿತು. ಅದು ತಲೆನೋವಿನ ಮಾತ್ರೆಯಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಅದು ಡೆಲ್ಮರನ ಹೊಟ್ಟೆಯೊಳಗೆ ಬಿಡಾರ ಹೂಡಿರುವ ಪರರ ಕಿಡ್ನಿಯನ್ನು ಅವನ ಮೈ ಹೊರಗಟ್ಟದಂತೆ ಕಾಯುವ ಮಾತ್ರೆ. ಹಾಗಾಗಿ ಅರವತ್ತು ದಾಟಿದ ಆ ಮನುಷ್ಯ ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಹೆಂಡತಿಯ ಹೊಲಿಗೆಯ ಅಳತೆಕೋಲಿನಿಂದ ಫ್ರಿಜ್ಜಿನ ಅಡಿಯನ್ನು ಕೆರೆಯುತ್ತಿದ್ದ. ಒಂದು ಒಣ ಬಟಾಣಿ ಬಂತು. ಒಂದು ಅಂಗಿಯ ಗುಂಡಿ ಬಂತು. ಸತ್ತು ಒಣಗಿದ ಜೇಡವೊಂದು ಬಂತು. ಮಾತ್ರೆ ಬರುವ ಮೊದಲೇ ಫೋನು ಬಂತು.

"ಡೆಲ್ಮರ್, ನಾನು ಜಾಯ್ಸ್, ಕಿಡ್ನಿ ವಾರ್ಡಿಂದ. ಯಾಕೆ ಹಂಗೆ ಏದುಸಿರು ಬಿಡ್ತಿದೀರಿ?"

"ಏನಿಲ್ಲ. ನೆಲದ ಮೇಲಿದೀನಿ."

"ಅಯ್ಯೋ, ಬಿದ್ರಾ?"

"ನಾನಲ್ಲ, ಮಾತ್ರೆ ಬಿತ್ತು."

ನರ್ಸ್ ಜಾಯ್ಸ್ ನಿಟ್ಟುಸಿರು ಬಿಟ್ಟಳು. ವರ್ಷಕ್ಕೊಮ್ಮೆ ವಸಂತದಲ್ಲಿ ಅವಳು ಹೀಗೆ ಫೋನು ಮಾಡುತ್ತಿದ್ದಳು. ರಕ್ತ ಹೇಗಿದೆ, ನೀರು ಎಷ್ಟು ಕುಡಿಯುತ್ತೀರಿ, ಉಪ್ಪು ಬಿಟ್ಟಿದ್ದೀರಾ ಎಂದೆಲ್ಲ ಕೇಳಿ ಮುಗಿಸಿ, ಕೊನೆಗೆ ಡೆಲ್ಮರ್ ಹೆದರುತ್ತಿದ್ದ ಪ್ರಶ್ನೆಯನ್ನು ತೆಗೆಯುತ್ತಿದ್ದಳು.

"ಮತ್ತೆ ಆ ಕಾಗದ? ಬರೆದ್ರಾ?"

ಸತ್ತವರ ಕಿಡ್ನಿ ಪಡೆದವರು ಆ ಮನೆಯವರಿಗೆ ನಾಲ್ಕು ಸಾಲು ಬರೆಯುವುದು ಅಲ್ಲಿನ ರೂಢಿ. ಮನೆತನದ ಹೆಸರು ಹಾಕುವ ಹಾಗಿಲ್ಲ, ಊರಿನ ಹೆಸರು ಹಾಕುವ ಹಾಗಿಲ್ಲ. ಕಾಗದ ಆಸ್ಪತ್ರೆಗೆ ಹೋಗಿ, ಅವರು ಓದಿ, ಸರಿ ಕಂಡರೆ ಆ ಕಡೆಗೆ ದಾಟಿಸುತ್ತಾರೆ. ಆಪರೇಷನ್ ಆಗಿ ಎರಡು ವರ್ಷವಾದರೂ ಡೆಲ್ಮರನ ಕಾಗದ ಅಡುಗೆಮನೆಯ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡುಗಳ ಕೆಳಗೆ, ಹುಟ್ಟುತ್ತಲೇ ಸಾಯುತ್ತಿತ್ತು. 'ಪ್ರಿಯ ಕುಟುಂಬದವರೇ, ನೀವು ಕಳೆದುಕೊಂಡ' ಎಂಬಲ್ಲಿಗೆ ಬಂದು ನಿಲ್ಲುವುದು. ಕಳೆದುಕೊಂಡ ಏನು? ಮಗನೋ, ತಾಯಿಯೋ, ಗಂಡನೋ? ಮುಖ ಕಾಣದ ಸಾವಿಗೆ ಯಾವ ಬಾಯಿಂದ ಥ್ಯಾಂಕ್ಸ್ ಹೇಳುವುದು?

"ಯಾರದ್ದು ಅಂತ ಗೊತ್ತಾಗದೆ ಹೆಂಗೆ ಬರೀಲಿ, ಜಾಯ್ಸ್? ಗಂಡೋ ಹೆಣ್ಣೋ, ಅಷ್ಟಾದ್ರೂ ಹೇಳಿ."

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ಆದ್ರೆ ಒಂದು ಮಾತು. ಆ ಮನೆಯವರು ಈ ವರ್ಷವೂ ಕೇಳಿದಾರೆ. 'ಅದು ಇನ್ನೂ ನಡೀತಿದೆಯಾ' ಅಂತ. ಅದನ್ನ ನಾನು ಹೇಳೋ ಹಾಗಿಲ್ಲ, ನೀವೇ ಹೇಳ್ಬೇಕು."

"ಆ ದಿನದ ಬಗ್ಗೆಯಾದ್ರೂ ಏನಾದ್ರೂ..."

"ಆ ದಿನಾನಾ? ನೆನಪಿಲ್ದೆ ಏನು! ವರ್ಷದ ಮೊದಲನೇ ಬೆಚ್ಚನೆ ಭಾನುವಾರ, ರಸ್ತೆ ತುಂಬಾ ಮೋಟಾರ್‌ಸೈಕಲ್ಲು. ಅಯ್ಯೋ, ಇನ್ನೊಂದು ಫೋನು ಬರ್ತಿದೆ, ಇಡ್ತೀನಿ. ಕಾಗದ ಬರೀರಿ!"

ಫೋನು ಸತ್ತಿತು. ಡೆಲ್ಮರ್ ಫ್ರಿಜ್ಜಿಗೆ ಒರಗಿ ನೆಲದ ಮೇಲೇ ಕುಳಿತ.

ಮಿನ್ನೆಸೋಟದ ಆ ಹಾರ್ನ್‌ಬಿ ಊರಿನಲ್ಲಿ ಮೊದಲ ಬೆಚ್ಚನೆ ಭಾನುವಾರ ಎಂದರೆ ಏನೆಂದು ತೊಟ್ಟಿಲ ಕೂಸಿಗೂ ಗೊತ್ತು. ಆರು ತಿಂಗಳ ಹಿಮ ಕರಗಿ ಬಿಸಿಲು ಕಂಡ ಕೂಡಲೇ ಗ್ಯಾರೇಜಿನ ಬಾಗಿಲುಗಳು ತೆರೆದು ಮೋಟಾರ್‌ಸೈಕಲ್ಲುಗಳು ಗೂಡು ಬಿಟ್ಟ ಜೇನಿನಂತೆ ಹೊರಬೀಳುತ್ತವೆ. ಚಳಿಗಾಲದಲ್ಲಿ ಗಾಡಿಗಳು ಜಾರದಿರಲೆಂದು ರಸ್ತೆಗೆ ಚೆಲ್ಲಿದ ಮರಳು ಮಾತ್ರ ತಿರುವುಗಳಲ್ಲಿ ಹಾಗೇ ಬಿದ್ದಿರುತ್ತದೆ. ಅವತ್ತು ಸಂಜೆ ಆಸ್ಪತ್ರೆಯವರು ಬಿಡುವಾಗಿ ಕೂರುವುದಿಲ್ಲ, ಕಿಡ್ನಿಗಾಗಿ ಕಾದವರ ಮನೆಯ ಫೋನೂ ಬಿಡುವಾಗಿರುವುದಿಲ್ಲ. ಊರಿನ ದಿನಸಿ ಅಂಗಡಿಯಲ್ಲಿ ಇದನ್ನೇ ಒಂದು ಜೋಕು ಮಾಡಿ ಹೇಳುತ್ತಿದ್ದರು. ಡೆಲ್ಮರನೂ ಮೂರು ವರ್ಷ ಡಯಾಲಿಸಿಸ್ ಯಂತ್ರಕ್ಕೆ ಕಟ್ಟಿಸಿಕೊಂಡು ಕೂತಿದ್ದಾಗ, ನಗಬಾರದೆಂದು ಗೊತ್ತಿದ್ದೂ, ಆ ಜೋಕಿಗೆ ನಕ್ಕಿದ್ದ. ವಸಂತ ಬರಲಿ ಎಂದು ಕಾದಿದ್ದ. ಇದೂ ಒಂದು ಪಾಪವೆಂದು ಯಾವ ಪಾದ್ರಿಯೂ ಪಟ್ಟಿ ಮಾಡಿಲ್ಲ.

"ಹಂಗಾದ್ರೆ ನೀನು ಬೈಕ್ ಸವಾರ!" ಎಂದು ಡೆಲ್ಮರ್ ತನ್ನ ಹೊಟ್ಟೆಯ ಎಡಭಾಗಕ್ಕೆ ಹೇಳಿದ. ಹೊಸ ಕಿಡ್ನಿಯನ್ನು ಬೆನ್ನಿನಲ್ಲಿಡದೆ ಮುಂದುಗಡೆ, ಸೊಂಟದ ಮೂಳೆಯ ಮಡಿಲಲ್ಲಿ ಇಟ್ಟಿದ್ದರು. ಕೈಯಿಟ್ಟರೆ ಸಿಗುವಷ್ಟು ಹತ್ತಿರ. ಅದು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಮೌನವೇ ಒಪ್ಪಿಗೆ ಎಂದುಕೊಂಡ.

ಅಲ್ಲಿಂದ ಮುಂದೆ ಡೆಲ್ಮರನಿಗೆ ಎಲ್ಲದಕ್ಕೂ ಅರ್ಥ ಸಿಗತೊಡಗಿತು. ಆಪರೇಷನ್ ಆದಮೇಲೆ ತನಗೆ ಕಾಫಿ ಕಹಿಯಾಗಿಯೇ ಬೇಕೆನಿಸುವುದು ಯಾಕೆ? ಸವಾರನ ನಾಲಿಗೆ. ಬೆಳಗಿನ ಜಾವ ಎಚ್ಚರವಾಗುವುದು ಯಾಕೆ? ಸವಾರನ ಚಡಪಡಿಕೆ. ಸಕ್ಕರೆ ಬಿಡಿಸಿದ್ದು ಡಾಕ್ಟರು, ಎಚ್ಚರ ಮಾಡುವುದು ಮಾತ್ರೆ ಎಂಬುದು ಅವನಿಗೆ ಹೊಳೆಯಲಿಲ್ಲ. ಮೂವತ್ತು ವರ್ಷ ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆಯ ಬಣ್ಣ ಬೆರೆಸಿದವನು, ಕೆಂಪಿಗೆ ಬಿಳಿ ಸೇರಿದರೆ ಗುಲಾಬಿ ಆಗುವಷ್ಟೇ ಖಚಿತವಾಗಿ, ಒಬ್ಬನ ಕಿಡ್ನಿ ಇನ್ನೊಬ್ಬನಿಗೆ ಸೇರಿದರೆ ಸವಾರಿಯ ಬಣ್ಣ ಬರಲೇಬೇಕೆಂದು ನಂಬಿದ. ತಾನೂ ಒಮ್ಮೆ ಮೋಟಾರ್‌ಸೈಕಲ್ ಹತ್ತಿ, ಅದನ್ನು ಹೊರಗೆ ಗಾಳಿಗೆ ಕರೆದುಕೊಂಡು ಹೋಗಿಬಂದರೆ, ಕಾಗದದ ಮೊದಲ ಸಾಲು ತಾನಾಗಿ ಬರುತ್ತದೆ. 'ನಿಮ್ಮವನು ಬಿಟ್ಟದ್ದನ್ನು ನಾನು ಮುಂದುವರಿಸಿದ್ದೇನೆ.' ಎಂಥ ಸಾಲು! ಅವನಿಗೇ ಕಣ್ಣು ತುಂಬಿತು.

ಹೆಂಡತಿ ವರ್ನಾ ಶಾಲೆಯ ಅಡುಗೆಮನೆಯಿಂದ ಬಂದಾಗ ಅವನು ಸಿದ್ಧವಾಗಿದ್ದ.

"ಶನಿವಾರ ಶನಿವಾರ ಕಿಡ್ನಿ ಕಸಿಯಾದವರ ಸಂಘ ಸೇರ್ತದಂತೆ. ಕಷ್ಟಸುಖ ಮಾತಾಡಿಕೊಳ್ಳೋಕೆ."

ವರ್ನಾ ಕೋಟು ಬಿಚ್ಚುತ್ತಿದ್ದವಳು ತಿರುಗಿ ನೋಡಿದಳು. "ನೀನಾ? ಕಷ್ಟಸುಖ ಮಾತಾಡಕ್ಕಾ?"

"ಹೂಂ."

"ಹೋಗಪ್ಪ. ಮನೇಲಂತೂ ಮಾತಾಡಲ್ಲ, ಅಲ್ಲಾದ್ರೂ ಬಾಯಿಬಿಡು."

ಮೋಟಾರ್‌ಸೈಕಲ್ ಪಾಠ ನಡೆಯುತ್ತಿದ್ದದ್ದು ಪಕ್ಕದ ಊರಿನ ಜಾತ್ರೆ ಮೈದಾನದ ವಾಹನ ನಿಲ್ದಾಣದಲ್ಲಿ. ಕಲಿಸುವವಳು ರೋಂಡಾ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಮಕ್ಕಳನ್ನು ಕನ್ನಡಿಯಲ್ಲೇ ಹೆದರಿಸಿ ಅಭ್ಯಾಸವಿದ್ದ ಕಣ್ಣು. ಸಾಲಾಗಿ ನಿಂತ ವಿದ್ಯಾರ್ಥಿಗಳ ಮುಂದೆ ನಡೆಯುತ್ತ ಕೇಳಿದಳು:

"ಗಾಡಿ ಹತ್ತೋ ಮುಂಚೆ ತಲೆ ಸರಿ ಇದೆಯಾ ನೋಡ್ಕೋಬೇಕು. ಯಾಕೆ ಬಂದ್ರಿ, ಹೇಳಿ. ಸುಳ್ಳು ಹೇಳಿದ್ರೆ ನನಗೆ ಗೊತ್ತಾಗುತ್ತೆ."

"ಐವತ್ತು ತುಂಬಿತು," ಎಂದ ಒಬ್ಬ ಹಲ್ಲಿನ ಡಾಕ್ಟರು.

"ನನ್ನ ಗಂಡನ ಹತ್ರ ಇತ್ತು. ನನ್ನನ್ನ ಹತ್ತಿಸ್ತಿರಲಿಲ್ಲ. ಈಗ ಗಂಡ ಇಲ್ಲ," ಎಂದಳು ಒಬ್ಬ ಹೆಂಗಸು.

"ಪಾಪ. ತೀರಿಕೊಂಡ್ರಾ?"

"ಇಲ್ಲ, ಬಿಟ್ಟೆ."

ರೋಂಡಾ ಡೆಲ್ಮರನ ಮುಂದೆ ನಿಂತಳು. "ನೀನು?"

"ನನ್ನ ಕಿಡ್ನಿಗೋಸ್ಕರ."

ರೋಂಡಾ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಚರ್ಮದ ಜಾಕೆಟ್ಟಿನ ಎಡಭಾಗ ಕುಂಬಳಕಾಯಿ ಕದ್ದವನ ಹಾಗೆ ಉಬ್ಬಿತ್ತು. ಅವಳು ಬೆರಳ ಗೆಣ್ಣಿನಿಂದ ಬಡಿದಳು. ಟಣ್ ಎಂದಿತು.

"ಏನಿದು?"

"ಹಣ್ಣಿನ ಪೈ ಬೇಯಿಸೋ ತಗಡಿನ ತಟ್ಟೆ. ಅತ್ತೇದು. ಒಳಗಿರೋದಕ್ಕೆ ಪೆಟ್ಟು ಬೀಳಬಾರದಲ್ಲ, ಪೆಟ್ರೋಲ್ ಟ್ಯಾಂಕು ಸರಿಯಾಗಿ ಅಲ್ಲೇ ತಗುಲುತ್ತೆ."

ರೋಂಡಾ ಎಷ್ಟೋ ಬಗೆಯ ಹುಚ್ಚರನ್ನು ನೋಡಿದ್ದಳು. ಇದು ಹೊಸ ಬಗೆ. "ಡಾಕ್ಟರ ಚೀಟಿ ತಂದಿದೀಯ?"

ತಂದಿದ್ದ. ಕಿಡ್ನಿ ಡಾಕ್ಟರಿಗೆ 'ಸೈಕಲ್ ಹೊಡೆಯಬಹುದಾ' ಎಂದು ಕೇಳಿ, ವ್ಯಾಯಾಮ ಒಳ್ಳೆಯದೆಂದು ಬರೆಸಿಕೊಂಡಿದ್ದ. ಮೋಟಾರು ಎಂಬ ಮಾತನ್ನು ಎತ್ತಿರಲಿಲ್ಲ. ಅರ್ಧ ಸತ್ಯಕ್ಕೆ ಇಡೀ ಸಹಿ.

"ಸರಿ ಕೇಳಿ," ಎಂದಳು ರೋಂಡಾ. "ಹೆದರಿಕೆ ಇಲ್ಲದವರು ಈಗಲೇ ಮನೆಗೆ ಹೋಗಿ, ನಿಮ್ಮನ್ನ ಹೂಳೋಕೆ ನನಗೆ ಪುರಸೊತ್ತಿಲ್ಲ. ಬರೀ ಹೆದರಿಕೆ ಇರೋರೂ ಹೋಗಿ. ಉಳಿದವರಿಗೆ ಒಂದೇ ಪಾಠ. ಗಾಡಿ ಹೋಗೋದು ಕೈ ತಿರುಗಿಸಿದ ಕಡೆ ಅಲ್ಲ, ಕಣ್ಣು ಹೋದ ಕಡೆ. ಗುಂಡಿ ನೋಡಿದ್ರೆ ಗುಂಡಿಗೆ. ಮರ ನೋಡಿದ್ರೆ ಮರಕ್ಕೆ. ಏನಕ್ಕೆ ಹೆದರ್ತೀರೋ ಅದನ್ನ ನೋಡಬೇಡಿ. ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ನೋಡಿ. ಇನ್ನೊಂದು. ರಸ್ತೇಲಿ ಸವಾರರು ಎದುರಾದಾಗ ಎಡಗೈ ಕೆಳಗಿಳಿಸಿ ಎರಡು ಬೆರಳು ತೋರಿಸ್ತಾರಲ್ಲ, ಅದನ್ನ ಪಾಸಾಗೋವರೆಗೂ ಯಾರೂ ಮಾಡಬೇಡಿ. ಅದು ಸಂಪಾದಿಸ್ಕೊಳ್ಳೋದು."

ಡೆಲ್ಮರ್ ತಲೆಯಾಡಿಸಿದ. ಪಾಠ ಅವನಿಗೆ ಪೂರ್ತಿ ಅರ್ಥವಾಯಿತು. ಹಾಗಾಗಿಯೇ ಮೊದಲ ದಿನ ಅವನು ದಾರಿಗುರುತಿಗೆ ಇಟ್ಟ ಕಿತ್ತಳೆ ಬಣ್ಣದ ಕೋನುಗಳಲ್ಲಿ ಒಂದನ್ನೂ ನೋಡಬಾರದೆಂದು ಅಷ್ಟು ಶ್ರದ್ಧೆಯಿಂದ ಪ್ರತಿಯೊಂದನ್ನೂ ನೋಡಿ, ಪ್ರತಿಯೊಂದನ್ನೂ ಮಲಗಿಸಿದ.

"ಕೋನು ನೋಡಬೇಡ!" ಎಂದು ರೋಂಡಾ ಕೂಗುವಳು.

"ನೋಡ್ತಿಲ್ಲ!" ಎಂದು ಅವನು ಕೋನನ್ನೇ ದಿಟ್ಟಿಸುತ್ತ ಕೂಗುವನು.

ಹೀಗೆ ಮೂರು ಶನಿವಾರ ಕಳೆದವು. ಕ್ಲಚ್ಚು ಹಿಡಿತಕ್ಕೆ ಬಂತು. ಗೇರು ಬಂತು. ಕೋನುಗಳೂ ಕೆಲವು ಬದುಕುಳಿಯತೊಡಗಿದವು. ಒಂದು ಮಧ್ಯಾಹ್ನ ಮೈದಾನವನ್ನು ಪೂರ್ತಿ ಒಂದು ಸುತ್ತು ಹಾಕಿ ನಿಲ್ಲಿಸಿದಾಗ ಡೆಲ್ಮರ್ ತಟ್ಟೆಯ ಮೇಲೆ ಕೈಯಿಟ್ಟು, "ನೋಡಿದ್ಯೇನಪ್ಪ?" ಎಂದು ಕೇಳಿದ. ಇಲ್ಲಿಗೇ ನಿಲ್ಲಿಸಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಹಾರ್ನ್‌ಬಿಯಲ್ಲಿ ಹ್ಯಾರಿಯೆಟ್ ಬುಶೆ ಎಂಬ ಮುದುಕಿ ಇದ್ದಳು, ಅವಳಿಗೆ ಒಲೆ ಇತ್ತು, ನಿಂಬೆಹಣ್ಣೂ ಇತ್ತು.

ಹ್ಯಾರಿಯೆಟ್ ಎಂದರೆ ಡೆಲ್ಮರನಿಗೆ ಚಿಕ್ಕಂದಿನಲ್ಲಿ ಚರ್ಚಿನ ಭಾನುವಾರದ ಪಾಠ ಹೇಳಿದವಳು. ಅಷ್ಟೇ ಅಲ್ಲ, ಅವನ ಕಿಡ್ನಿಯ ಸೂಲಗಿತ್ತಿ. ಆಪರೇಷನ್ನಿಗೆ ದೂರದ ನಗರದಲ್ಲಿ ತಿಂಗಳುಗಟ್ಟಲೆ ಇರಬೇಕಾಗಿ ಬಂದಾಗ, ಆ ಕಡೆಯ ಊರುಗಳಲ್ಲಿ ಮಾಡುವಂತೆ ಚರ್ಚಿನ ನೆಲಮಾಳಿಗೆಯಲ್ಲಿ ಸಹಾಯಾರ್ಥ ಊಟ ಏರ್ಪಡಿಸಿ, ಟೊಮೆಟೊ ಗೊಜ್ಜು ಸುರಿದ ಶಾವಿಗೆಯಂಥ ಸ್ಪಗೆಟಿ ಮಾಡಿಸಿ, ಹಂದಿತೊಡೆಯನ್ನು ಲಾಟರಿಗಿಟ್ಟು, ಇಡೀ ಊರಿಗೆ ಉಣಿಸಿ ದುಡ್ಡು ಕೂಡಿಸಿದವಳು ಅವಳು. ಅಂದಿನಿಂದ ಹಾರ್ನ್‌ಬಿಯಲ್ಲಿ ಯಾರೂ ಡೆಲ್ಮರನನ್ನು 'ಹೇಗಿದ್ದೀಯ' ಎಂದು ಕೇಳುತ್ತಿರಲಿಲ್ಲ. 'ಹೇಗಿದೆ ಅದು' ಎಂದು ಕೇಳುತ್ತಿದ್ದರು.

ಕಿಡ್ನಿಯವರ ಸಂಘವೆಂದು ವರ್ನಾಳಿಂದ ತಿಳಿದ ಹ್ಯಾರಿಯೆಟ್ ಒಂದು ತಟ್ಟೆ ನಿಂಬೆ ಕೇಕು ಮಾಡಿಕೊಂಡು ಹುಡುಕುತ್ತ ಹೊರಟಳು. ಆಸ್ಪತ್ರೆಯಲ್ಲಿ ಕೇಳಿದಳು, ಅಂಥ ಸಂಘವಿಲ್ಲ ಎಂದರು. ಚರ್ಚುಗಳಲ್ಲಿ ಕೇಳಿದಳು, ಇಲ್ಲ. ಬೇಸತ್ತು ಜಾತ್ರೆ ಮೈದಾನದ ಪಕ್ಕದಲ್ಲಿ ಮನೆಯ ಕಡೆಗೆ ಕಾರು ತಿರುಗಿಸುವಾಗ, ಹೆಲ್ಮೆಟ್ಟಿನ ಕೆಳಗೆ ಪರಿಚಿತವಾದ ಬಾಗಿದ ಬೆನ್ನೊಂದು ಗುಡುಗುಡು ಸದ್ದು ಮಾಡುತ್ತ ಕೋನುಗಳ ನಡುವೆ ನುಸುಳುವುದು ಕಂಡಿತು.

"ಲೋ ಡೆಲ್ಮರ್!"

ಡೆಲ್ಮರ್ ತಿರುಗಿ ನೋಡಿದ. ಆ ಸುತ್ತಿನಲ್ಲಿ ಉಳಿದಿದ್ದ ಕೊನೆಯ ಕೋನೂ ಮಲಗಿತು.

"ಏನೋ ಮಾಡ್ತಿದೀಯ ನನ್ನ ಕಿಡ್ನೀನ ತಗೊಂಡು!" ಎಂದು ಹ್ಯಾರಿಯೆಟ್ ಕೇಕಿನ ತಟ್ಟೆಯನ್ನು ಎದೆಗವಚಿಕೊಂಡು ಕೂಗಿದಳು. ಹಲ್ಲಿನ ಡಾಕ್ಟರು ಇವರಿಬ್ಬರಲ್ಲಿ ಕಿಡ್ನಿ ನಿಜವಾಗಿ ಯಾರದೆಂದು ತಿಳಿಯದೆ ಹೆಲ್ಮೆಟ್ ತೆಗೆದು ಗೌರವದಿಂದ ನಿಂತ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಕೂತ ಜನ ಎದ್ದು ಹೋಗಲಿಲ್ಲ. ಅದೇ ಮೇಜುಗಳು, ಅದೇ ಮಡಚುವ ಕುರ್ಚಿಗಳು, ಎರಡು ವರ್ಷದ ಹಿಂದೆ ಸ್ಪಗೆಟಿ ಉಂಡ ಅದೇ ಜನ. ಡೆಲ್ಮರನನ್ನು ನಡುವೆ ಕೂರಿಸಿದರು. ವರ್ನಾ ಒಂದು ಮೂಲೆಯಲ್ಲಿ ಕಾಫಿ ಲೋಟ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡು ನಿಂತಿದ್ದಳು.

"ನನಗೆ ಟೊಮೆಟೊ ಆಗಿಬರಲ್ಲ," ಎಂದು ಒಬ್ಬ ಎದ್ದುನಿಂತ. "ಆದ್ರೂ ಆ ಕಿಡ್ನಿಗೋಸ್ಕರ ಎರಡು ತಟ್ಟೆ ತಿಂದೆ. ಆ ರಾತ್ರಿ ನಾನು ಪಟ್ಟಿದ್ದು ನನಗೇ ಗೊತ್ತು. ಇದಕ್ಕಾ?"

"ಲಾಟರಿಯಲ್ಲಿ ಹಂದಿತೊಡೆ ಬಂದಿದ್ದು ನನಗೆ," ಎಂದಳು ಇನ್ನೊಬ್ಬಳು. "ಹಂಗಾಗಿ ನಾನು ಮಾತಾಡಬಾರದು. ಆದ್ರೂ ಹೇಳ್ತೀನಿ, ನಾಚಿಕೆಗೇಡು."

ಊರಿನ ಪೊಲೀಸ್ ಕರ್ಟ್‌ನನ್ನು ಕೇಳಿದರು. ಅವನು ಟೋಪಿ ತೆಗೆದು ಬಹಳ ಹೊತ್ತು ಯೋಚಿಸಿದ. "ಕಲಿಯೋರ ತಲೆಗೆ ಹೆಲ್ಮೆಟ್ಟಿನ ಕಾನೂನಿದೆ. ಕಿಡ್ನಿಗೆ ಕಾನೂನು ಇಲ್ಲ. ಪೈ ತಟ್ಟೆ ಕಟ್ಟಿಕೊಂಡು ಹೋಗಬಾರದು ಅಂತಾನೂ ಎಲ್ಲೂ ಇಲ್ಲ. ನನ್ನ ಕೈಯಲ್ಲಿ ಏನೂ ಇಲ್ಲ ನೋಡಿ."

ಪಾದ್ರಿ ಸಮಾಧಾನ ಮಾಡಲು ಬಂದರು. "ಮನುಷ್ಯನ ಮೈ ದೇವರ ಮಂದಿರ. ಅದನ್ನು ಹೇಗೆ ನಡೆಸಿಕೊಳ್ಳುತ್ತಾನೋ ಅವನಿಗೂ ದೇವರಿಗೂ ಬಿಟ್ಟದ್ದು."

"ಸರಿ ಪಾದ್ರಿಗಳೇ," ಎಂದಳು ಹ್ಯಾರಿಯೆಟ್. "ಆ ಮಂದಿರದಲ್ಲಿ ಒಂದು ಕೋಣೆ ಕಟ್ಟಿಸಿಕೊಟ್ಟಿದ್ದು ನಾವು."

ಡೆಲ್ಮರ್ ಕೊನೆಗೆ ಬಾಯಿಬಿಟ್ಟ. ಸತ್ತವನು ಸವಾರನಾಗಿದ್ದ, ಅವನ ಮನೆಯವರು ಕೇಳುತ್ತಿದ್ದಾರೆ, ತಾನೂ ಒಮ್ಮೆ ಸವಾರಿ ಮಾಡದೆ ಯಾವ ಮುಖದಿಂದ ಕಾಗದ ಬರೆಯಲಿ ಎಂದ. ಟೊಮೆಟೊ ಆಗಿಬರದವನು ಮೂಗು ಒರೆಸಿಕೊಂಡ. ಹಾರ್ನ್‌ಬಿಯ ಜನ ಕಲ್ಲೆದೆಯವರಲ್ಲ. ಸಾವಿನ ವಿಷಯ ಬಂದರೆ ಅವರಿಗೆ ತಟ್ಟನೆ ಎರಡನೆಯ ಅಭಿಪ್ರಾಯ ಬರುತ್ತಿತ್ತು. ಗಳಿಗೆಯೊಳಗೆ ತೀರ್ಮಾನವಾಯಿತು. ಪರೀಕ್ಷೆಯ ದಿನ ಊರಿಗೆ ಊರೇ ಹೋಗಿ, ನೋಡಿ, ಕಿಡ್ನಿಗೆ ಧೈರ್ಯ ತುಂಬತಕ್ಕದ್ದು.

ಮನೆ ತಲುಪಿದ ಮೇಲೆ ವರ್ನಾ ಅಡುಗೆಮನೆಯಲ್ಲಿ ಕೋಟು ಬಿಚ್ಚದೆ ನಿಂತು ಹೇಳಿದಳು:

"ಪೈ ತಟ್ಟೆ ಶನಿವಾರ ಕಾಣೆಯಾಗಿ ಭಾನುವಾರ ವಾಪಸ್ ಬರ್ತಿತ್ತು. ಕಿಡ್ನಿ ಸಂಘದಲ್ಲಿ ಅಡುಗೆ ಕಲಿಸ್ತಾರೇನೋ ಅಂದ್ಕೊಂಡಿದ್ದೆ ನಾನು, ಪೆದ್ದಿ."

"ವರ್ನಾ..."

"ಸೋಮವಾರ, ಬುಧವಾರ, ಶುಕ್ರವಾರ. ಮೂರು ಚಳಿಗಾಲ ಬೆಳಕು ಹರಿಯೋ ಮುಂಚೆ ಎದ್ದು ನಿನ್ನನ್ನ ಕೂರಿಸ್ಕೊಂಡು ಆ ಯಂತ್ರದ ಹತ್ರ ಹೋದೆ. ಕಣ್ಣು ಕಾಣದಷ್ಟು ಹಿಮ. ಒಂದು ದಿನಾನೂ ಗಾಡಿ ಚರಂಡಿಗೆ ಇಳಿಸಲಿಲ್ಲ. ನೀನು ಪಕ್ಕದಲ್ಲಿ ಕೂತು ಏನು ಮಾಡ್ತಿದ್ದೆ ಗೊತ್ತಾ? ಕಿಟಕಿಯಿಂದ ಚರಂಡೀನೇ ನೋಡ್ತಿದ್ದೆ." ಅವಳ ದನಿ ಏರಲಿಲ್ಲ. "ಅದು ಒಂದು ಸಲ ಸತ್ತು ಬಂದಿದೆ, ಡೆಲ್ಮರ್. ಇನ್ನೊಂದು ಸಲ ಸಾಯಿಸಬೇಡ."

ಡೆಲ್ಮರ್ ಮಾತ್ರೆ ಡಬ್ಬಿಯನ್ನು ತೆರೆದು ಮುಚ್ಚಿದ. "ಒಂದು ಪರೀಕ್ಷೆ. ಅದು ಮುಗಿದ್ರೆ ಕಾಗದ ಬರೀತೀನಿ. ಆಣೆ."

"ಮುಗಿದ್ರೆ," ಎಂದು ವರ್ನಾ ಹೇಳಿ ಮಲಗಲು ಹೋದಳು.

ಪರೀಕ್ಷೆಯ ಶನಿವಾರ ಜಾತ್ರೆ ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿಗಳ ಸಾಲು ಬಿತ್ತು. ಕಂಬಳಿ ಹೊದ್ದವರು, ಫ್ಲಾಸ್ಕು ತಂದವರು, ಮೊಮ್ಮಕ್ಕಳನ್ನು ಕರೆತಂದವರು. ಸಾವಿಗೂ ಬರುವ, ಸಾಯುವುದು ತಪ್ಪಿದರೂ ಬರುವ ಜನ. ಹ್ಯಾರಿಯೆಟ್ ಒಂದು ಮೇಜು ಹಾಕಿ, ಮೇಲೆ ಬಿಳಿಯ ಬಟ್ಟೆ ಹಾಸಿ, ನಿಂಬೆ ಕೇಕಿನ ತುಂಡುಗಳನ್ನು ಗೋಪುರ ಕಟ್ಟಿ ಇಟ್ಟಿದ್ದಳು. ವರ್ನಾ ಕುರ್ಚಿಯಲ್ಲಿ ಕೂರದೆ ಕೊನೆಯಲ್ಲಿ ನಿಂತಿದ್ದಳು, ಮೈದಾನದಿಂದ ಹೊರಹೋಗುವ ದಾರಿಯ ಪಕ್ಕದಲ್ಲಿ.

ರೋಂಡಾ ಈ ಜನರನ್ನು ನೋಡಿ ಹಣೆ ಗಂಟಿಕ್ಕಿದಳು. "ಯಾರಿವರೆಲ್ಲ?"

"ಪಾಲುದಾರರು," ಎಂದ ಡೆಲ್ಮರ್.

ಹಲ್ಲಿನ ಡಾಕ್ಟರು ಪಾಸಾದ. ಗಂಡನನ್ನು ಬಿಟ್ಟವಳು ಒಂದು ಕೋನೂ ಅಲುಗದಂತೆ ಪಾಸಾಗಿ, ಇಳಿದು, ಅಲ್ಲಿಲ್ಲದ ಗಂಡನಿಗೆ ಒಂದು ಮಾತು ಬೈದಳು. ಡೆಲ್ಮರನ ಸರದಿ ಬಂತು. ನೇರ ಓಡಿಸಿ ನಿಲ್ಲಿಸಿದ. ಸರಿಹೋಯಿತು. ಕೋನುಗಳ ನಡುವೆ ಹಾವಿನಂತೆ ನುಸುಳಿದ. ಎಲ್ಲ ನಿಂತೇ ಇದ್ದವು. ಜನ ಚಪ್ಪಾಳೆ ತಟ್ಟಿದರು. "ಶಾಭಾಷ್ ಕಿಡ್ನಿ!" ಎಂದು ಯಾರೋ ಕೂಗಿದರು. ಉಳಿದದ್ದು ಇಂಗ್ಲಿಷ್ ಎಂಟರ ಆಕಾರದ ತಿರುವು. ಮೊದಲ ಸೊನ್ನೆ ಮುಗಿಯಿತು. ಎರಡನೆಯ ಸೊನ್ನೆಗೆ ತಿರುಗುವಾಗ ಡೆಲ್ಮರ್, ರೋಂಡಾ ಹೇಳಿದಂತೆ, ತಲೆಯೆತ್ತಿ ದೂರಕ್ಕೆ ನೋಡಿದ. ಸರಿಯಾಗಿ ಅಲ್ಲಿ ಹ್ಯಾರಿಯೆಟ್ ಎದ್ದು ನಿಂತು ಕೈಬೀಸಿದಳು.

ಅವಳನ್ನು ನೋಡಬಾರದು ಎಂದುಕೊಂಡ. ಹಾಗೆಂದುಕೊಂಡದ್ದೇ ತಡ, ಲೋಕದಲ್ಲಿ ಹ್ಯಾರಿಯೆಟ್ ಒಬ್ಬಳೇ ಉಳಿದಳು. ರಸ್ತೆ ಇಲ್ಲ, ಕೋನಿಲ್ಲ, ಆಕಾಶವಿಲ್ಲ. ಎಂಟರ ಎರಡನೆಯ ಸೊನ್ನೆ ಬಿಚ್ಚಿಕೊಂಡು ನೆಟ್ಟಗೆ ಗೆರೆಯಾಯಿತು.

"ಎದುರಿಗೆ ನೋಡೋ!" ಎಂದು ರೋಂಡಾ ಕೂಗಿದಳು.

"ಎದುರಿಗೇ ಇದಾಳೆ!" ಎಂದು ಡೆಲ್ಮರ್ ಕೂಗಿದ.

ಹ್ಯಾರಿಯೆಟ್ ಎಂಬತ್ತರ ಹತ್ತಿರದವಳಾದರೂ ಪಕ್ಕಕ್ಕೆ ಹಾರಿದ್ದು ಎಳೆಗರುವಿನಂತೆ. ಮೇಜಿಗೆ ಆ ಯೋಗವಿರಲಿಲ್ಲ. ಡೆಲ್ಮರ್ ಕಡೆಯ ಗಳಿಗೆಯಲ್ಲಿ ಎಡಭಾಗ ಉಳಿಯಲಿ ಎಂದು ಮೈಯನ್ನು ಬಲಕ್ಕೆ ಎಸೆದ. ಗಾಡಿ ಒಂದು ಕಡೆ, ಮೇಜು ಒಂದು ಕಡೆ. ಬಿಳಿಯ ಬಟ್ಟೆ ಗಾಳಿಯಲ್ಲಿ ಎದ್ದು, ಮೆಲ್ಲಗೆ ಇಳಿದು, ಡೆಲ್ಮರನನ್ನು ತಲೆಯಿಂದ ಕಾಲವರೆಗೆ ಹೆಣಕ್ಕೆ ಹೊದಿಸುವಂತೆ ಹೊದಿಸಿತು. ಪೈ ತಟ್ಟೆ ಜಾಕೆಟ್ಟಿನಿಂದ ಕಳಚಿ ಮೈದಾನದುದ್ದಕ್ಕೂ ಟಣಟಣ ಉರುಳಿ, ವರ್ನಾಳ ಕಾಲಬಳಿ ಸುತ್ತು ಹೊಡೆದು ಮಲಗಿತು. ಅವಳು ಅದನ್ನು ದಾಟಿಕೊಂಡು ಓಡಿದಳು.

ಊರೆಲ್ಲ ಸುತ್ತುವರಿಯಿತು.

"ಕಿಡ್ನಿಗೆ ಏನಾಯ್ತು?"

"ಕಿಡ್ನಿ ಇದೆಯಾ?"

"ಯಾರೂ ಕಿಡ್ನಿ ಮುಟ್ಟಬೇಡಿ! ಗಾಳಿ ಬಿಡಿ ಕಿಡ್ನಿಗೆ!"

ಬಟ್ಟೆಯನ್ನು ಸರಿಸಿ "ಡೆಲ್ಮರ್" ಎಂದು ಕರೆದವಳು ವರ್ನಾ ಒಬ್ಬಳೇ. ಅವನು ಕಣ್ಣು ಬಿಟ್ಟ. ಗಡ್ಡಕ್ಕೆ ನಿಂಬೆ ಕೇಕು ಮೆತ್ತಿತ್ತು. "ಬಲ ಭುಜ," ಎಂದ. "ಬಲ ಭುಜ ಎಲ್ಲೋ ಹೋಯ್ತು."

"ಭುಜ ಬಿಡೋ, ಕಿಡ್ನಿ ಹೇಳು!" ಎಂದಳು ಹ್ಯಾರಿಯೆಟ್.

ರೋಂಡಾ ಬಗ್ಗಿ ಕೇಳಿದಳು, "ಎಲ್ಲಿ ನೋಡ್ತಿದ್ದೆ?"

"ಹ್ಯಾರಿಯೆಟ್ ಕಡೆ."

"ಅಲ್ಲಿಗೇ ಬಂದಿದೀಯ. ಪಾಠ ಚೆನ್ನಾಗಿ ಅರ್ಥ ಆಗಿದೆ. ಪರೀಕ್ಷೆ ಫೇಲು."

ನಗರದ ಆಸ್ಪತ್ರೆಯಲ್ಲಿ ಕಿಡ್ನಿಗೆ ಚಿತ್ರ ತೆಗೆದರು, ರಕ್ತ ತೆಗೆದರು, ಮೂತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಆ ಒಂದು ಹಗಲು ವರ್ನಾ ಕುರ್ಚಿಯ ಅಂಚಿನಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಡೆಲ್ಮರ್ ಚಾವಣಿಯನ್ನು ನೋಡುತ್ತಿದ್ದ. ಯಾರೋ ಒಬ್ಬರ ಮನೆಯವರು ವರ್ಷ ವರ್ಷ ಕೇಳುತ್ತಿದ್ದ ಪ್ರಶ್ನೆಗೆ ಇನ್ನು ಮುಂದೆ ಬೇರೆ ಉತ್ತರ ಕೊಡಬೇಕಾದೀತೇ ಎಂಬ ಯೋಚನೆ ಮುರಿದ ಮೂಳೆಗಿಂತ ಹೆಚ್ಚು ನೋಯುತ್ತಿತ್ತು. 'ನಡೆಯುತ್ತಿತ್ತು, ನಾನು ನಿಲ್ಲಿಸಿದೆ.'

ಸಂಜೆ ಬಂದವಳು ಜಾಯ್ಸ್. "ಕಿಡ್ನಿ ಗಟ್ಟಿಯಾಗಿದೆ. ಮುರಿದಿದ್ದು ಬಲಗಡೆ ಕೊರಳಮೂಳೆ ಮಾತ್ರ." ಕೈಕಟ್ಟಿ ನಿಂತಳು. "ಈಗ ಹೇಳಿ, ಈ ವಯಸ್ಸಲ್ಲಿ ಮೋಟಾರ್‌ಸೈಕಲ್ ಯಾಕೆ ಬೇಕಿತ್ತು ನಿಮಗೆ?"

"ನೀವೇ ಅಲ್ವಾ ಹೇಳಿದ್ದು. ಅವನು ಸವಾರ ಅಂತ."

"ಯಾರು ಸವಾರ?"

"ಮೊದಲನೇ ಬೆಚ್ಚನೆ ಭಾನುವಾರ, ರಸ್ತೆ ತುಂಬಾ ಮೋಟಾರ್‌ಸೈಕಲ್ಲು ಅಂದ್ರಲ್ಲ."

ಜಾಯ್ಸ್ ಹಾಸಿಗೆಯ ಅಂಚಿನ ಮೇಲೆ ಕೂತಳು. "ಅಯ್ಯೋ ದೇವರೇ. ರಸ್ತೆ ತುಂಬಾ ಮೋಟಾರ್‌ಸೈಕಲ್ಲಿತ್ತು, ಹಂಗಾಗಿ ನಾನು ಡ್ಯೂಟಿಗೆ ತಡವಾಗಿ ಬಂದೆ, ಅವತ್ತು ದೊಡ್ಡ ನರ್ಸ್ ಹತ್ರ ಬೈಸಿಕೊಂಡೆ ಅಂತ ಹೇಳಕ್ಕೆ ಹೋಗಿದ್ದೆ ನಾನು."

ಕೋಣೆಯಲ್ಲಿ ಯಾವುದೋ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು.

"ಹಂಗಾದ್ರೆ ಯಾರು?" ಎಂದ ಡೆಲ್ಮರ್.

"ಅದನ್ನ ಹೇಳೋ ಹಾಗಿಲ್ಲ."

"ಸವಾರ ಅಲ್ಲ ಅಂತಾದ್ರೂ?"

"ಹೌದು ಅಂತಾನೂ ಹೇಳೋ ಹಾಗಿಲ್ಲ, ಅಲ್ಲ ಅಂತಾನೂ ಹೇಳೋ ಹಾಗಿಲ್ಲ. ಮಲಗಿ ಡೆಲ್ಮರ್."

ಅವಳು ಹೋದ ಮೇಲೆ ವರ್ನಾ ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಡೆಲ್ಮರ್ ಹೆದರಿದ. ಅವಳು ನಗುತ್ತಿದ್ದಳು. ಆಮೇಲೆ ಅಳುತ್ತಲೂ ಇದ್ದಳು. ಅಷ್ಟು ವರ್ಷ ಸಂಸಾರ ಮಾಡಿದವನಿಗೂ ನಗು ಎಲ್ಲಿ ಮುಗಿದು ಅಳು ಎಲ್ಲಿ ಹಿಡಿಯಿತೆಂದು ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ಡ್ರಾಯರಿನಿಂದ ಹಾಳೆ ತೆಗೆದವಳು ವರ್ನಾ. ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಬಲಗೈ ತೂಗುತ್ತಿದ್ದ ಡೆಲ್ಮರ್ ಎದುರಿಗೆ ಕೂತ.

"ಹೇಳು, ಬರೀತೀನಿ."

"ಪ್ರಿಯ ಕುಟುಂಬದವರೇ. ನೀವು ಕಳೆದುಕೊಂಡ..." ನಿಲ್ಲಿಸಿದ.

ವರ್ನಾ ಪೆನ್ನು ಎತ್ತಿ ಕಾದಳು. "ಅವರು ಕೇಳಿದ್ದೇನು?"

"ಇನ್ನೂ ನಡೀತಿದೆಯಾ ಅಂತ."

"ಮತ್ತೆ?"

ಅವನು ಹೇಳಿದ, ಅವಳು ಬರೆದಳು. 'ನೀವು ಕಳೆದುಕೊಂಡವರು ಯಾರೆಂದು ನನಗೆ ಗೊತ್ತಿಲ್ಲ. ಅದನ್ನೇ ಯೋಚಿಸುತ್ತ ಎರಡು ವರ್ಷ ನಿಮಗೆ ಉತ್ತರ ಕೊಡದೆ ಕೂತೆ. ನೀವು ಕೇಳಿದ್ದು ಒಂದೇ ಮಾತು. ಹೌದು, ನಡೆಯುತ್ತಿದೆ. ಇವತ್ತು ಬೆಳಿಗ್ಗೆಯೂ ನಡೆಯಿತು. ಹೋದ ವಾರ ನಾನು ಅದನ್ನು ಬೀಳಿಸಿದೆ, ಆದರೂ ನಡೆಯುತ್ತಿದೆ. ಸೋಮವಾರ, ಬುಧವಾರ, ಶುಕ್ರವಾರ ನನ್ನ ಹೆಂಡತಿ ಈಗ ಬೆಳಗಾಗುವವರೆಗೆ ಮಲಗುತ್ತಾಳೆ.'

ಆ ಸಾಲಿಗೆ ವರ್ನಾಳ ಪೆನ್ನು ಸ್ವಲ್ಪ ತಡೆಯಿತು. ಆಮೇಲೆ ಮುಂದುವರಿಯಿತು.

ಸುದ್ದಿ ತಿಳಿದ ಹ್ಯಾರಿಯೆಟ್ ಓಡಿಬಂದಳು. ಕಾಗದಕ್ಕೆ ಊರಿನವರೆಲ್ಲ ಸಹಿ ಹಾಕಬೇಕು, ಕೆಳಗೆ 'ಸ್ಪಗೆಟಿ ಸಮಿತಿ' ಎಂದು ಬರಬೇಕು ಎಂದಳು. ಊರಿನ ಹೆಸರು ಹಾಕುವ ಹಾಗಿಲ್ಲವೆಂದು ವರ್ನಾ ಹೇಳಿದಳು. "ಹಂಗಾದ್ರೆ ಬರೀ 'ಸಮಿತಿ' ಅಂತ ಹಾಕಮ್ಮ," ಎಂದು ಮುದುಕಿ ಗೋಗರೆದಳು. ಅದೂ ಆಗಲಿಲ್ಲ. ಕೊನೆಗೆ ಲಕೋಟೆ ಅಂಟಿಸುವ ಕೆಲಸ ಅವಳಿಗೆ ಬಿಟ್ಟರು. ಅವಳು ಅದನ್ನು ನಾಲಿಗೆಯಿಂದ ಎರಡೆರಡು ಸಲ ಒದ್ದೆ ಮಾಡಿ, ಮುಷ್ಟಿಯಿಂದ ಗುದ್ದಿ ಮುಚ್ಚಿದಳು.

ಶನಿವಾರ ಬೆಳಿಗ್ಗೆ ಡೆಲ್ಮರ್ ಕಾಗದ ಹಿಡಿದು ಅಂಗಳ ದಾಟಿ ರಸ್ತೆಬದಿಯ ಅಂಚೆ ಡಬ್ಬದ ಬಳಿಗೆ ಹೋದ. ಕಂಬದ ಮೇಲಿನ ತಗಡಿನ ಡಬ್ಬ. ಒಳಗೆ ಕಾಗದವಿಟ್ಟು ಪಕ್ಕದ ಕೆಂಪು ಬಾವುಟ ಎತ್ತಿದರೆ ಅಂಚೆಯವಳು ಬಂದು ಒಯ್ಯುತ್ತಾಳೆ. ಇಷ್ಟೇ ಕೆಲಸ. ಡೆಲ್ಮರ್ ಡಬ್ಬದ ಬಾಗಿಲು ತೆರೆದು ನಿಂತ. ನಿಂತೇ ಇದ್ದ. 'ಬೀಳಿಸಿದೆ' ಎಂದು ಬರೆಯಬಾರದಿತ್ತೇನೋ. ಒಡೆದು ಇನ್ನೊಮ್ಮೆ ಬರೆಸಿದರೆ? ನಾಳೆ ಹಾಕಿದರೆ? ಅಡುಗೆಮನೆಯ ಕಿಟಕಿಯಿಂದ ವರ್ನಾ ನೋಡುತ್ತಿರುವುದು ಬೆನ್ನಿಗೆ ಗೊತ್ತಾಗುತ್ತಿತ್ತು.

ದೂರದಿಂದ ಗುಡುಗುಡು ಸದ್ದು ಬಂತು. ಮುಂದೆ ರೋಂಡಾ, ಹಿಂದೆ ಗಂಡನನ್ನು ಬಿಟ್ಟವಳು, ಕೊನೆಯಲ್ಲಿ ಹಲ್ಲಿನ ಡಾಕ್ಟರು. ಪಾಸಾದವರ ಮೊದಲ ಸವಾರಿ. ಡೆಲ್ಮರನ ಅಂಗಳದ ಎದುರಿಗೆ ಬರುತ್ತಲೇ ರೋಂಡಾ ತಲೆ ತಿರುಗಿಸದೆ, ಮುಂದಿನ ರಸ್ತೆಯನ್ನೇ ನೋಡುತ್ತ, ಎಡಗೈ ಕೆಳಗಿಳಿಸಿ ಎರಡು ಬೆರಳು ಚಾಚಿದಳು. ಹಿಂದಿನ ಇಬ್ಬರೂ ಚಾಚಿದರು.

ಅದಕ್ಕೆ ಉತ್ತರ ಕೊಡದಿರುವುದೆಂದರೆ ಮನೆಗೆ ಬಂದವರಿಗೆ ಬಾ ಎನ್ನದಂತೆ. ಉತ್ತರ ಎಡಗೈಯಲ್ಲೇ ಕೊಡಬೇಕು. ಎಡಗೈಯಲ್ಲಿ ಕಾಗದವಿತ್ತು, ಬಲಗೈ ಜೋಳಿಗೆಯಲ್ಲಿತ್ತು. ಡೆಲ್ಮರ್ ಡಬ್ಬವನ್ನು ನೋಡಲಿಲ್ಲ. ಅವರು ಹೋಗುತ್ತಿದ್ದ ದಾರಿಯನ್ನು ನೋಡುತ್ತ, ಕಾಗದವನ್ನು ಒಳಗೆ ತಳ್ಳಿ, ಕೈ ಕೆಳಗಿಳಿಸಿ ಎರಡು ಬೆರಳು ಚಾಚಿದ. ಸದ್ದು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಹಾಗೇ ಇತ್ತು. ಆಮೇಲೆ ಡಬ್ಬದ ಬಾಗಿಲು ಮುಚ್ಚಿ ಕೆಂಪು ಬಾವುಟ ಎತ್ತಿದ.

ಅಂಚೆಯವಳ ಕಾರು ಬಂದಾಗಲೂ ಅವನು ಅಲ್ಲೇ ಇದ್ದ. ಅವಳು ಕಿಟಕಿಯಿಂದ ಕೈ ಚಾಚಿ ಕಾಗದ ತೆಗೆದುಕೊಂಡು, ಬಾವುಟ ಇಳಿಸಿ, ಅವನ ಜೋಳಿಗೆಯನ್ನು ನೋಡಿದಳು.

"ಹೇಗಿದೆ ಅದು, ಡೆಲ್ಮರ್?"

"ನಡೀತಿದೆ," ಎಂದ ಡೆಲ್ಮರ್. ಕಾರು ಹೊರಟುಹೋಯಿತು.